ಕೌದಿಯ ನಾಲ್ಕನೆಯ ಮೂಲೆ

೧೯೩೮ರ ಜನವರಿ ಹನ್ನೊಂದು, ಮಂಗಳವಾರ ಬೆಳಗ್ಗೆ ಮಿಶನ್ ದವಾಖಾನೆಯ ನರ್ಸ್ ಯಶೋದಾಬಾಯಿ ಹುಮನಾಬಾದ ಠಾಣೆಗೆ ಬಂದು, ಉಗ್ರಾಣದಿಂದ ಐದು ಕೌದಿ ಕಳವಾಗಿವೆ ಎಂದು ದೂರು ಕೊಟ್ಟರು.

ಠಾಣೆ ಎಂದರೆ ಆಗ ಬೇವಿನ ಮರದಡಿಯ ಒಂದು ಡೇರೆ. ಆ ಚಳಿಗಾಲ ಊರಿಗೆ ಪ್ಲೇಗು ಹೊಕ್ಕಿತ್ತು. ಮನೆಗಳಲ್ಲಿ ಇಲಿ ಸತ್ತು ಬೀಳತೊಡಗಿದ್ದೇ ತಡ, ಪೇಟೆಗೆ ಪೇಟೆಯೇ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಂಡಿತ್ತು. ಸಂಜೆಯಾದರೆ ತೊಗರಿ ಹೊಲದ ನಡುವೆ ಸಾಲು ಸಾಲು ಒಲೆ ಉರಿಯುತ್ತಿದ್ದವು. ಅಷ್ಟು ಭಯದಲ್ಲೂ ಜನ ಒಬ್ಬರ ಒಲೆಯ ಕೆಂಡದಿಂದ ಇನ್ನೊಬ್ಬರು ಒಲೆ ಹಚ್ಚಿಕೊಳ್ಳುತ್ತಿದ್ದ ಕಾಲ ಅದು.

ಠಾಣೆಯ ಅಮೀನ, ಅಂದರೆ ಮುಖ್ಯ ಅಧಿಕಾರಿ, ಬದ್ರುದ್ದೀನ್. ಊರು ಕಲ್ಯಾಣಿ. ಬಸವಕಲ್ಯಾಣಕ್ಕೆ ಆಗ ಎಲ್ಲರೂ ಕಲ್ಯಾಣಿ ಎನ್ನುತ್ತಿದ್ದರು. ಇಪ್ಪತ್ತು ವರ್ಷ ಖಾಕಿ ತೊಟ್ಟ ಮನುಷ್ಯ. ಕೇಳುವುದು ಕಡಿಮೆ, ಕೇಳಿಸಿಕೊಳ್ಳುವುದು ಹೆಚ್ಚು.

“ಎಂಥಾ ಕೌದಿ, ಬಾಯಿಯವರ?”

“ಪರದೇಶದ್ದು ರೀ. ಪ್ಲೇಗಿನ ರೋಗಿಗಳ ಹಾಸಿಗೆ ಎಲ್ಲಾ ಸುಟ್ಟೇವಲ್ಲ, ದವಾಖಾನಿ ನಡಸೋ ನಮ್ಮ ಮಿಸ್ಸಮ್ಮ ತಮ್ಮ ಊರ ಚರ್ಚಿಗೆ ಬರದಿದ್ರು. ಅಲ್ಲಿನ ಹೆಣ್ಣುಮಕ್ಕಳು ಪ್ರಾರ್ಥನಾ ಮುಗಿದ ಮ್ಯಾಲ ಕುಂತು, ತಮ್ಮ ಹಳೇ ಲಂಗ, ಪಡದಿ ಕೂಡಿಸಿ ಹೊಲದು ಕಳಸ್ಯಾರ. ಕಳವಾತು ಅಂದ್ರ ಅವರಿಗೆ ಹ್ಯಾಂಗ ಮಾರಿ ತೋರಸೋದ್ರಿ?”

ಎಫ್.ಐ.ಆರ್. ಬರೆದದ್ದಾಯಿತು. ಪೊಲೀಸ್ ಜವಾನ ದೇವಿಂದ್ರಪ್ಪನನ್ನು ಕರೆದುಕೊಂಡು ಅಮೀನರು ದವಾಖಾನೆಗೆ ಹೋಗಿ, ಇಬ್ಬರು ಪಂಚರ ಎದುರು ಉಗ್ರಾಣದ ಪಂಚನಾಮೆ ಮಾಡಿಸಿದರು. ಬೀಗ ಮುರಿದಿರಲಿಲ್ಲ, ಕಿಟಕಿಯ ಸರಳು ಬಾಗಿರಲಿಲ್ಲ. ರೋಗಿ ಎದ್ದ ಮೇಲೆ ಅಥವಾ ತೀರಿಕೊಂಡ ಮೇಲೆ ಕೌದಿಗಳನ್ನು ಹಳ್ಳದ ದಂಡೆಯ ಕೊಪ್ಪರಿಗೆಯಲ್ಲಿ ಕುದಿಸಿ ಒಣಗಿಸಿ ತರುತ್ತಿದ್ದರು. ಹೊತ್ತೊಯ್ಯುವ ಗಾಡಿ ಮಹೆಬೂಬನದು. ಗಾಡಿಯ ಹುಲ್ಲು ಜಾಲಾಡಿದಾಗ ದೇವಿಂದ್ರಪ್ಪನ ಕೈಗೆ ಬೆರಳಗಲದ ಬಟ್ಟೆಯ ಚೂರು ಸಿಕ್ಕಿತು. ಅದರ ಮೇಲೆ ಪರದೇಶದ ಚರ್ಚಿನ ಹೆಸರನ್ನು ನೀಲಿ ದಾರದಲ್ಲಿ ಹೊಲಿದಿದ್ದರು. ಪ್ರತಿ ಕೌದಿಯ ಒಂದು ಮೂಲೆಗೆ ಅಂಥದೊಂದು ಚೂರು ಇರುತ್ತಿತ್ತು.

“ಇದು ಇಲ್ಲಿ ಹ್ಯಾಂಗ ಬಂತು?”

“ನನಗೇನ ಗೊತ್ತ್ರಿ ಸಾಹೇಬ್ರ. ಗಾಡ್ಯಾಗ ಹತ್ತು ಮಂದಿ ಕೂಡ್ತಾರ, ಇಳೀತಾರ. ಹಿಂದ ತಿರುಗಿ ನೋಡ್ಕೋತ ಕುಂತ್ರ ಎತ್ತು ಹಾದಿ ಬಿಡ್ತಾವ.”

ಅನುಮಾನದ ಮೇಲೆ ಅವನನ್ನು ಹಿಡಿದರು. ಲಾಕಪ್ಪು ಇದ್ದ ಕಟ್ಟಡದಲ್ಲಿ ಇಲಿ ಸತ್ತಿದ್ದವು. ಹಾಗಾಗಿ ಬೇವಿನ ಮರಕ್ಕೇ ಉದ್ದನೆಯ ಸರಪಳಿ ಬಿಗಿದು ಅವನನ್ನು ಕೂರಿಸಿದರು. ಮರದ ಇನ್ನೊಂದು ಬದಿಗೆ ಅವನ ಎತ್ತುಗಳು.

“ನೋಡ್ರಿ ದೇವಿಂದ್ರಪ್ಪಣ್ಣ, ಎತ್ತಿಗೆ ಹಗ್ಗ, ನನಗ ಕಬ್ಬಿಣ. ಸರಕಾರದಾಗ ನನ್ನ ಕಿಮ್ಮತ್ತು ಹೆಚ್ಚಾತು,” ಎಂದ ಮಹೆಬೂಬ.

ದೇವಿಂದ್ರಪ್ಪ ನಕ್ಕ. ಅಮೀನರು ನಗಲಿಲ್ಲ. ಸೋಮವಾರದೊಳಗೆ ಬೇರೆ ಕಳ್ಳ ಸಿಗದಿದ್ದರೆ ಆರೋಪಿಯನ್ನು ದೊಡ್ಡ ಜೈಲಿಗೆ ಕಳಿಸಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಆ ಜೈಲಿನಲ್ಲೂ ಪ್ಲೇಗು ಇದೆ ಎಂಬುದು ಅವರ ಕಿವಿಗೆ ಬಿದ್ದಿತ್ತು. ಮಹೆಬೂಬನ ಕಿವಿಗೂ ಬಿದ್ದಿತ್ತು. ರಾತ್ರಿ ಅವನು ಎತ್ತುಗಳ ಜೊತೆ ಮೆಲ್ಲಗೆ ಮಾತಾಡುವುದು ಡೇರೆಯ ಒಳಗಿಂದಲೇ ಕೇಳಿಸುತ್ತಿತ್ತು.

ಶುಕ್ರವಾರ ಮುಂಜಾನೆ ಯಶೋದಾಬಾಯಿ ಮತ್ತೆ ಬಂದರು. ಈ ಸಲ ಮುಖದಲ್ಲಿ ಗಲಿಬಿಲಿ.

“ಸಾಹೇಬ್ರ, ಎರಡು ಕೌದಿ ತಿರುಗಿ ಬಂದಾವ. ಮಡಿಚಿ ಅಲ್ಲೇ ಇಟ್ಟಾರ.”

ಬದ್ರುದ್ದೀನ್ ಸರಪಳಿಯಲ್ಲಿದ್ದ ಮಹೆಬೂಬನ ಕಡೆ ಒಮ್ಮೆ ನೋಡಿ, ಎದ್ದು ಹೊರಟರು.

ಉಗ್ರಾಣದಲ್ಲಿ ಕೌದಿಗಳನ್ನು ಇಟ್ಟಲ್ಲೇ ಬಿಡಿಸಿ ನೋಡಿದರು. ಚಂದದ ಕೆಲಸ, ಒಂದರ ನಡುವೆ ದೊಡ್ಡ ನಕ್ಷತ್ರ, ಸುತ್ತ ಚೌಕ ಚೌಕ ತುಂಡು. ಅದರ ಮೂರು ಮೂಲೆಗಳಲ್ಲಿ ಬಿಳಿ ದಾರದ ಸಣ್ಣ ಹೊಲಿಗೆ. ನಾಲ್ಕನೆಯದರಲ್ಲಿ ಹೆಸರಿನ ಚೂರು ಇರಲಿಲ್ಲ. ಅಲ್ಲಿ ದಪ್ಪ ಕೆಂಪು ದಾರದ ನಮ್ಮ ಕಡೆಯ ಹೊಲಿಗೆ. ಗೋಡೆಯಿಂದ ಇಳಿದು ಬಂದ ಕರಿ ಇರುವೆಗಳ ಸಾಲೊಂದು ನೇರ ಆ ಮೂಲೆಗೇ ಹೋಗಿ ಸೇರುತ್ತಿತ್ತು.

ಚಾಕುವಿನಿಂದ ಎರಡು ಹೊಲಿಗೆ ಬಿಚ್ಚಿದರು. ಒಳಗೆ ಒಣಗಿದ ಜೋಳದ ರೊಟ್ಟಿಯ ತುಣುಕು, ಅದಕ್ಕೆ ಮೆತ್ತಿದ ಬೆಲ್ಲ.

“ಯಾರರ ಮಾಟ ಮಾಡ್ಯಾರೇನ್ರಿ?” ದೇವಿಂದ್ರಪ್ಪ ಎರಡು ಹೆಜ್ಜೆ ಹಿಂದೆ ಸರಿದ.

“ಮಾಟ ಅಲ್ಲೋ. ಇದು ತುತ್ತು.”

ಬದ್ರುದ್ದೀನ್‌ರಿಗೆ ಕಲ್ಯಾಣಿ ಕೋಟೆಯ ಹಿಂದಿನ ತಮ್ಮ ಮನೆ ಕಣ್ಮುಂದೆ ಬಂತು. ಅಮ್ಮಿ ಅಂಗಳದಲ್ಲಿ ಕೌದಿ ಹರಡಿಕೊಂಡು ಕೂತರೆ ಓಣಿಯ ಹೆಂಗಸರೆಲ್ಲ ಸೂಜಿ ಹಿಡಿದು ಬರುತ್ತಿದ್ದರು. ಆ ಮನೆ ಈ ಮನೆ ಎಂಬ ಭೇದ ಸೂಜಿಗೆ ಇರಲಿಲ್ಲ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ತುತ್ತು ಒಳಗಿಟ್ಟು ಹೊಲಿಯುತ್ತಿದ್ದರು. ಕೌದಿಯ ಹೊಟ್ಟೆ ಖಾಲಿ ಇರಬಾರದು ಎನ್ನುತ್ತಿದ್ದರು. ಆ ಬೆಲ್ಲ ಕದಿಯಲು ಹೋಗಿ ಬದ್ರುದ್ದೀನ್ ಎಷ್ಟು ಸಲ ಪೆಟ್ಟು ತಿಂದಿದ್ದರೋ.

ಆದರೆ ಕದ್ದ ಕೌದಿಗೆ ಉಣಿಸಿ ತಿರುಗಿ ತಂದಿಡುವ ಕಳ್ಳ ಎಂಥವನು? ಶನಿವಾರ ಸರ್ವೀಸ್ ಮೋಟಾರು ಹತ್ತಿ ಅವರು ಕಲ್ಯಾಣಿಗೆ ಹೋದರು. ತಾಯಿ ಸರ್ದಾರಬಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು.

“ಬಾ ಬೇಟಾ. ಹಬ್ಬಕ್ಕ ಬರ್ಲಿಲ್ಲ, ಕೌದಿ ಸಲವಾಗಿ ಬಂದಿ?”

“ಹೊಲದು ಮುಗದ ಕೌದೀನ ಮತ್ತ ಬಿಚ್ಚಿ ತುತ್ತು ಇಡ್ತಾರೇನು ಅಮ್ಮಿ?”

“ಅದರಾಗ ಮಲಗಿದ ಕೂಸು ಸತ್ತಿದ್ರ ಇಡ್ತಾರ. ಹಸದ ಕೌದಿ ಮತ್ತೊಂದು ಕೂಸು ಬೇಡ್ತದಂತ. ನೀ ಕಳ್ಳನ್ನ ಹುಡುಕಬ್ಯಾಡ. ಯಾರ ಮನ್ಯಾಗ ಕೂಸು ಹೋಗ್ಯಾದ, ಕೇಳು ಹೋಗು.”

ಅದೇ ಸಂಜೆ ಅಮೀನರು ದವಾಖಾನೆಗೆ ಹೋಗಿ ಯಶೋದಾಬಾಯಿಯನ್ನು ಕೇಳಿದ್ದು ಒಂದೇ ಪ್ರಶ್ನೆ: ಇಲ್ಲಿ ಕೆಲಸ ಮಾಡುವವರಲ್ಲಿ ಯಾರ ಮಗು ತೀರಿಕೊಂಡಿದೆ?

“ಆಯಾ ಮಾಣಿಕಮ್ಮನ ಮೊಮ್ಮಗ ರೀ. ಅಮೃತ ಅಂತ. ನಕ್ಷತ್ರದ ಕೌದಿ ಆಕೀನ ಆರಿಸಿ ಹೊದಿಸಿದ್ಲು.” ಮತ್ತೆ ಅವರೇ ಹೇಳಿದರು: “ಹುಡಗಿ ಅನ್ನೋ ಹಳ್ಳಿಯಾಕಿ. ದಿನಾ ಮಹೆಬೂಬನ ಗಾಡ್ಯಾಗ ಹೋಗಿ ಬಂದು ಮಾಡ್ತಿದ್ಲು.”

ಭಾನುವಾರ ಬೆಳಗ್ಗೆ ಅಮೀನ, ದೇವಿಂದ್ರಪ್ಪ, ಊರಿನ ಇಬ್ಬರು ಪಂಚರು ಹುಡಗಿ ಹಳ್ಳಿಯ ಹೊಲದಲ್ಲಿದ್ದ ಗುಡಿಸಲ ಮುಂದೆ ನಿಂತಾಗ ಮಾಣಿಕಮ್ಮ ಹೊಲಿಯುತ್ತಿದ್ದಳು. ಎರಡು ಕೌದಿ ಮಡಿಚಿ ಪಕ್ಕಕ್ಕಿಟ್ಟಿದ್ದಳು, ಕೊನೆಯದು ತೊಡೆಯ ಮೇಲಿತ್ತು. ಓಡಲಿಲ್ಲ.

“ಕೂಡ್ರಿ ಸಾಹೇಬ್ರ. ಒಂದು ಮೂಲಿ ಉಳದದ.”

“ಯಾಕ ಕದ್ದಿ, ಮಾಣಿಕಮ್ಮ?”

“ಕದ್ದಿಲ್ರಿ, ಒಯ್ದೇನಿ. ಕದ್ದವರು ತಿರುಗಿ ಇಡ್ತಾರೇನ್ರಿ?”

“ಹೇಳಿ ಒಯ್ಬೇಕಿತ್ತು.”

“ಯಾರ ಮುಂದ ಹೇಳ್ಲಿ? ಕೌದಿ ಹಸದಾವ ಅಂದ್ರ ಮಿಸ್ಸಮ್ಮ ಯಶೋದಾಬಾಯಿ ಮಾರಿ ನೋಡ್ತಾಳ, ಯಶೋದಾಬಾಯಿ ನನ್ನ ಮಾರಿ ನೋಡ್ತಾರ. ಪಾಪ, ಆ ಊರ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಟ್ಟಿಲ್ಲ. ನಾಕೂ ಮೂಲಿ ಹಂಗ ಮುಚ್ಚ್ಯಾರ. ಈ ಐದರಾಗೂ ಕೂಸು ಹೋದುವ್ರಿ. ನಮ್ಮ ಅಮೃತಗ ನಾನ ಹೊದಿಸಿದ್ದೆ, ಚಂದ ಕಾಣ್ತದಂತ.”

“ಮಹೆಬೂಬ ನಿನ್ನ ಸಲವಾಗಿ ಮರದ ಬುಡಕ ಕುಂತಾನ.”

“ಗೊತ್ತದ್ರಿ. ಐದೂ ತಿರುಗಿ ಇಟ್ರ ಬಿಡ್ತೀರಿ ಅಂದ್ಕೊಂಡಿದ್ದೆ. ಅದಕ್ಕ ನಿದ್ದಿಗೆಟ್ಟು ಹೊಲ್ಯಾಕತ್ತೇನಿ.” ಗಾಡಿಯಲ್ಲಿ ಕೂತೇ ಮೊದಲ ಮೂಲೆ ಬಿಚ್ಚಿದ್ದಾಗಿ, ಹೆಸರಿನ ಚೂರು ಆಗಲೇ ಬಿದ್ದಿರಬೇಕೆಂದು ತಾನೇ ಹೇಳಿದಳು.

ಬದ್ರುದ್ದೀನ್ ಅವಳ ಎದುರು ಕುಕ್ಕರಗಾಲಲ್ಲಿ ಕೂತರು. ಈ ಮಾತು ಆಡದೆ ವಿಧಿ ಇರಲಿಲ್ಲ.

“ರೊಟ್ಟಿ ಬೆಲ್ಲ ಇದ್ದಲ್ಲಿ ಏನು ಬರ್ತದ, ಮಾಣಿಕಮ್ಮ?”

“ಇರುವಿ.”

“ಇರುವಿ ಆದ ಮ್ಯಾಲ?”

ಅವಳ ಕೈಯ ಸೂಜಿ ನಿಂತಿತು. ಇಲಿ ಎಂಬ ಶಬ್ದವನ್ನು ಅವಳೂ ಆಡಲಿಲ್ಲ, ಅವರೂ ಆಡಲಿಲ್ಲ. ಅವಳು ತಾನೇ ಹೊಲಿದ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ತುತ್ತನ್ನು ತೆಗೆದು ಒಲೆಗೆ ಹಾಕಿದಳು. ಉಳಿದ ಎರಡು ಕೌದಿಗೂ ಹಾಗೆಯೇ ಮಾಡಿದಳು. ಪಂಚನಾಮೆ ಮುಗಿದ ಮೇಲೆ ಸೆರಗು ಹೊದ್ದು, “ನಡೀರಿ,” ಎಂದಳು.

ಆಕೆಯನ್ನು ದಸ್ತಗಿರಿ ಮಾಡಿ ಹುಮನಾಬಾದಕ್ಕೆ ತಂದು, ಮಹೆಬೂಬನ ಸರಪಳಿ ಬಿಚ್ಚಿದರು. ಅವನು ಮಣಿಕಟ್ಟು ತಿಕ್ಕಿಕೊಳ್ಳುತ್ತ ಅವಳನ್ನೇ ನೋಡಿದ.

“ಮಾಣಿಕಮ್ಮಕ್ಕಾ, ಎತ್ತಿಗರೆ ಒಂದು ಮಾತು ಹೇಳಬಾರದಿತ್ತಾ? ಅವು ನನಗ ಹೇಳ್ತಿದ್ದವು.”

ಆ ವಾರದಲ್ಲಿ ಮೊದಲ ಸಲ ಅವಳು ಅತ್ತಳು.

ಪ್ರಕರಣ ಕೋರ್ಟಿಗೆ ಹೋಯಿತು. ಅಮೀನರು ತಮ್ಮ ವರದಿಯ ಕೊನೆಗೆ, ಆರೋಪಿತಳು ಕೌದಿ ಕದ್ದದ್ದು ತನಗಾಗಿ ಅಲ್ಲ, ಅದರಲ್ಲಿ ಮುಂದೆ ಮಲಗಬೇಕಾದ ಮಕ್ಕಳಿಗಾಗಿ ಎಂದು ಬರೆದಿದ್ದರು. ಮಿಸ್ಸಮ್ಮ ತಾನೇ ಬಂದು ಸಾಕ್ಷಿ ನುಡಿದಳು. ನ್ಯಾಯಾಧೀಶರು ತಾಕೀತು ಮಾಡಿ ಬಿಟ್ಟರು. ಮನೆಯಲ್ಲಿ ರೊಟ್ಟಿ ಇಲ್ಲದ ದಿನ ತಾನು ಅರಿಶಿನದ ಚೂರು ಇಡುತ್ತಿದ್ದೆ, ಅದನ್ನು ಯಾವ ಇಲಿಯೂ ಮೂಸುವುದಿಲ್ಲ ಎಂದು ಸರ್ದಾರಬಿ ಕಲ್ಯಾಣಿಯಿಂದ ಹೇಳಿ ಕಳಿಸಿದಳು. ದವಾಖಾನೆಯ ವರಾಂಡದಲ್ಲಿ ಕೂತು ಮಾಣಿಕಮ್ಮ ಒಂದೊಂದೇ ಕೌದಿ ಬಿಚ್ಚಿ ಅರಿಶಿನ ಇಟ್ಟು ಹೊಲಿದಳು. ಯಾರೂ ನಗಲಿಲ್ಲ. ಮಿಸ್ಸಮ್ಮ ಒಮ್ಮೊಮ್ಮೆ ಪಕ್ಕದಲ್ಲಿ ನಿಂತು ನೋಡಿ, ಒಳಗೆ ಹೋಗಿ ತನ್ನ ಊರಿಗೆ ಪತ್ರ ಬರೆಯಲು ಕೂರುತ್ತಿದ್ದಳು.

ಮುಂದಿನ ಚಳಿಗಾಲಕ್ಕೆ ಪ್ಲೇಗು ಇಳಿದಿತ್ತು, ಜನ ಮನೆ ಸೇರಿದ್ದರು. ಪರದೇಶದ ಚರ್ಚಿನಿಂದ ಮತ್ತೊಂದು ದೊಡ್ಡ ಗಂಟು ಬಂತು. ಮಹೆಬೂಬನ ಗಾಡಿಯಿಂದ ಇಳಿಸಿ ಬಿಚ್ಚುವಾಗ ಬದ್ರುದ್ದೀನರೂ ಅಲ್ಲಿದ್ದರು. ಯಶೋದಾಬಾಯಿ ಮೊದಲ ಕೌದಿ ಕೊಡವಿದರು, ಎರಡನೆಯದು ಕೊಡವಿದರು. ಆಮೇಲೆ ಅದನ್ನು ಮಾಣಿಕಮ್ಮನ ಕೈಗೆ ಕೊಟ್ಟರು.

ಎಲ್ಲ ಕೌದಿಗಳಿಗೂ ಮೂರೇ ಮೂಲೆ ಹೊಲಿದಿದ್ದರು. ನಾಲ್ಕನೆಯದನ್ನು ತೆರೆದೇ ಬಿಟ್ಟು, ದಾರ ಪೋಣಿಸಿದ ಸೂಜಿಯೊಂದನ್ನು ಅಲ್ಲಿ ಚುಚ್ಚಿ ಕಳಿಸಿದ್ದರು.