ಮರಳಿಲಿಗಳು ಮಲಗಿದ ಬಾನಿ

ಇರುವೆಗೆ ಬಿಲವನ್ನು ಕೊಟ್ಟವನು, ಗೀಜಗಕ್ಕೆ ಗೂಡು ನೇಯುವುದನ್ನು ಕಲಿಸಿದವನು, ದಣಿದವರ ರೆಪ್ಪೆಯ ಮೇಲೆ ಮೆಲ್ಲಗೆ ಕೈಯಿಟ್ಟು ಮಲಗಿಸುವವನು, ಆ ಸ್ವಾಮಿಗೆ ಮೊದಲು ಕೈಮುಗಿಯೋಣ. ಅವನನ್ನು ನೆನೆದು ಹೇಳಿದ ಕತೆ ದಡ ಸೇರುತ್ತದೆ. ನೆನೆಯದೆ ಹೇಳಿದ್ದು ನಡುನೀರಿನಲ್ಲಿ ನಿಲ್ಲುತ್ತದೆ.

ಬಹಳ ಬಹಳ ಕಾಲದ ಹಿಂದೆ ನೇಸರಗಿರಿ ಎಂಬ ರಾಜ್ಯದಲ್ಲಿ ಈರಬೊಮ್ಮ ಎಂಬ ಯುವಕನಿದ್ದ. ಹತ್ತಿ ಹಿಂಜಿ ಹಾಸಿಗೆ ಹೊಲಿಯುವುದು ಅವನ ಕಸುಬು. ಹೆಂಡತಿ ನೀಲವ್ವ, ಒಂದೂವರೆ ವರ್ಷದ ಮಗಳು ಹೊನ್ನಿ. ಊರಿಗೆ ಊರೇ ಅವನು ಹೊಲಿದ ಹಾಸಿಗೆಯ ಮೇಲೆ ಮಲಗುತ್ತಿತ್ತು. ಆದರೆ ಈಗ ಮಲಗುವವರೇ ಇರಲಿಲ್ಲ. ನೇಸರಗಿರಿಯಿಂದ ನಿದ್ದೆ ಹೊರಟುಹೋಗಿ ಇಪ್ಪತ್ತೊಂದು ದಿನವಾಗಿತ್ತು.

ಅದು ಜಾಗರಾಕ್ಷನ ಕೆಲಸ. ಬೆಟ್ಟದ ತುದಿಯಲ್ಲಿದ್ದ ಆ ಮಾಂತ್ರಿಕ ಮಂತ್ರಶಕ್ತಿ ಬೇಕೆಂದು ತನ್ನ ನಿದ್ದೆಯನ್ನೇ ಮಾರಿಕೊಂಡಿದ್ದ. ನೂರು ವರ್ಷ ಕಣ್ಣು ತೆರೆದೇ ಕುಳಿತವನಿಗೆ ಕೆಳಗಿನ ಊರಿನ ಗೊರಕೆ ಕೇಳಿ ಕೇಳಿ ಹೊಟ್ಟೆ ಉರಿಯಿತು. ಒಂದು ದಿನ ಕೆಳಗಿಳಿದು ಬಂದು, ಇಡೀ ರಾಜ್ಯದ ನಿದ್ದೆಯನ್ನು ಹೊಗೆಯ ಹಾಗೆ ಎಳೆದು, ಎರಡು ಪುಟ್ಟ ಪ್ರಾಣಿಗಳ ಕಣ್ಣಿಗೆ ಕಟ್ಟಿಬಿಟ್ಟ. ಅವು ದೂರದ ಮರಳುಗಾಡಿನಿಂದ ಹಿಡಿದು ತಂದ ಮರಳಿಲಿಗಳು, ಅಕ್ಕ ಮತ್ತು ತಂಗಿ. ಜೇನಿನ ಬಣ್ಣದ ಮೈ, ಉದ್ದನೆಯ ಹಿಂಗಾಲು, ಬಾಲದ ತುದಿಯಲ್ಲಿ ಕಪ್ಪು ಕುಚ್ಚು.

"ಇವು ಮಲಗಿದರೆ ನಿನ್ನ ರಾಜ್ಯ ಮಲಗುತ್ತದೆ," ಎಂದು ಅವನು ರಾಜ ಕೇತುವರ್ಮನಿಗೆ ಹೇಳಿದ. "ಇವಕ್ಕೆ ಮನೆ ಕಟ್ಟಿಸು. ಮೂರು ಮನೆ, ಒಂದೊಂದಕ್ಕೆ ಒಂದು ಹಗಲು. ನಾಲ್ಕನೆಯದಿಲ್ಲ. ಮೂರನೆಯ ಹಗಲು ಮುಳುಗುವುದರೊಳಗೆ ಮಲಗದಿದ್ದರೆ ಇವನ್ನು ಕರೆದುಕೊಂಡು ಹೋಗುತ್ತೇನೆ. ಆಮೇಲೆ ನಿದ್ದೆಗೆ ನಿನ್ನ ಊರಿನ ದಾರಿ ಮರೆತುಹೋಗುತ್ತದೆ."

ಯಾರ ಮನೆ ಮೊದಲು ಎಂದು ಅರಮನೆಯವರು ಚರ್ಚೆ ಮಾಡುವುದರಲ್ಲೇ ಇಪ್ಪತ್ತು ದಿನ ಕಳೆಯಿತು. ಅವರನ್ನು ಬೈದು ಫಲವಿಲ್ಲ. ಅಷ್ಟು ದಣಿದವರು ಒಂದು ಮಾತು ಮುಗಿಸುವುದರೊಳಗೆ ಅದರ ಮೊದಲು ಮರೆಯುತ್ತಿದ್ದರು. ಕಾವಲಿನವರು ಈಟಿಗೆ ಒರಗಿ ನಿಂತಿದ್ದರು. ಬೀದಿಯಲ್ಲಿ ಜಗಳ ತೆಗೆದವರು ಯಾಕೆ ತೆಗೆದೆವೆಂದು ತಿಳಿಯದೆ ಒಬ್ಬರ ಹೆಗಲಿಗೊಬ್ಬರು ತಲೆಯಿಟ್ಟು ಸುಮ್ಮನಾಗುತ್ತಿದ್ದರು. ಗುಡಿಯ ಅರ್ಚಕರು ಒಂದೇ ಮಂಗಳಾರತಿಯನ್ನು ಮೂರು ಸಲ ಎತ್ತಿದರು. ದೇವರು ಮೂರನ್ನೂ ಒಪ್ಪಿಕೊಂಡ, ಅವನಿಗೆ ಗೊತ್ತಿಲ್ಲವೇ.

ಹೊನ್ನಿ ಮೊದಲ ವಾರ ಅತ್ತಳು. ಎರಡನೆಯ ವಾರ ಮುಲುಗಿದಳು. ಈಗ ಅಳುವುದಕ್ಕೂ ತ್ರಾಣವಿಲ್ಲದೆ ತಾಯಿಯ ತೋಳಿನಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದಳು. ವೈದ್ಯರು ಬಂದು ನಾಡಿ ಹಿಡಿದು ನೋಡಿದರು.

"ಇನ್ನು ಮೂರು ದಿನ ತಡೆದೀತು, ಈರಬೊಮ್ಮ. ನಿದ್ದೆ ಬಂದರೆ ಮಗು ಉಳಿಯುತ್ತೆ. ಅದಕ್ಕೆ ನನ್ನ ಚೀಲದಲ್ಲಿ ನಾರುಬೇರಿಲ್ಲಪ್ಪ."

ಅದೇ ದಿನ ಅರಮನೆಯಲ್ಲಿ, ಕಂಬಕ್ಕೊರಗಿ ನೋಡುತ್ತಿದ್ದ ಜಾಗರಾಕ್ಷನ ಎದುರಿಗೆ, ಮೊದಲ ಮನೆ ಎದ್ದಿತು. ಕಟ್ಟಿದವನು ಅಕ್ಕಸಾಲಿ. ಚಿನ್ನದ ತಂತಿಯ ಎರಡು ಪಂಜರ, ಅಕ್ಕನಿಗೊಂದು, ತಂಗಿಗೊಂದು. ನೆಲವೂ ಚಿನ್ನದ ತಂತಿಯದೇ. ನೋಡಿದವರು ತಲೆದೂಗಿದರು. ಆದರೆ ತಂತಿಯ ಮೇಲೆ ಓಡಾಡಿ ಮರಳಿಲಿಗಳ ಅಂಗಾಲು ಕೆಂಪಾಯಿತು. ಅಕ್ಕ ಆ ಕಡೆಯಿಂದ ಕಾಲು ಬಡಿದಳು. ತಂಗಿ ಈ ಕಡೆಯಿಂದ ಕಾಲು ಬಡಿದಳು. ಹೊತ್ತು ಮುಳುಗಿತು. ಜಾಗರಾಕ್ಷ ನಕ್ಕ. "ಒಂದಾಯಿತು," ಎಂದ.

ಎರಡನೆಯ ದಿನ ಬಡಗಿ ಬಂದ. ಗಂಧದ ಮರದ ಪೆಟ್ಟಿಗೆಯಲ್ಲಿ ಇಬ್ಬರನ್ನೂ ಕೂಡಿಯೇ ಇಟ್ಟ, ಅಷ್ಟು ಒಳ್ಳೆಯದಾಯಿತು. ಆದರೆ ಹಾಸಲು ಗಂಧದ ಹೊಟ್ಟನ್ನೇ ಹಾಕಿದ. ಅರಮನೆಯೆಲ್ಲ ಘಮಘಮ. ಆ ಘಾಟಿಗೆ ಮರಳಿಲಿಗಳು ಸೀನಿದವು, ಕಣ್ಣಿನಲ್ಲಿ ನೀರು ಸುರಿಸಿದವು, ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯ ಮೂಲೆಯನ್ನು ಕಡಿದು ತೂತು ಮಾಡಿ ರಾಜನ ಮಡಿಲಿಗೇ ಹಾರಿದವು. ಹೊತ್ತು ಮುಳುಗಿತು. ಜಾಗರಾಕ್ಷ ನಕ್ಕ. "ಎರಡಾಯಿತು," ಎಂದ.

ಮೂರನೆಯ ದಿನ ಬೆಳಗಾಗುತ್ತಲೇ ಈರಬೊಮ್ಮ ಮನೆಯಲ್ಲಿದ್ದ ದೊಡ್ಡ ಮಣ್ಣಿನ ಬಾನಿಯನ್ನು ತಲೆಯ ಮೇಲೆ ಹೊತ್ತ. ಅಗಲ ಬಾಯಿಯ, ಮೊಣಕಾಲುದ್ದದ, ಚೆನ್ನಾಗಿ ಸುಟ್ಟ ಬಾನಿ. ಬಗಲಲ್ಲಿ ಒಂದು ಗಂಟು ಹತ್ತಿ. ನಡೆಯುತ್ತ ನಡೆಯುತ್ತ ಎರಡು ಸಲ ದಾರಿ ತಪ್ಪಿದ, ತನ್ನದೇ ಊರಿನಲ್ಲಿ.

"ಬಾನಿಯಾ?" ಎಂದ ಬಾಗಿಲಿನ ಕಾವಲಿನವನು. "ಚಿನ್ನ ಆಯ್ತು, ಗಂಧ ಆಯ್ತು, ಈಗ ಉಪ್ಪಿನಕಾಯಿ ಹಾಕೋಕೆ ಬಂದೆಯೇನಯ್ಯಾ?"

"ಚಿನ್ನದಿಂದ ಕಾಲು ನೊಂದವು, ಮರ ಕಡಿದು ಓಡಿದವು. ಸುಟ್ಟ ಮಣ್ಣನ್ನ ಹಲ್ಲು ಕಡಿಯೋಲ್ಲ. ಬಿಡಣ್ಣ, ತಲೆ ಭಾರ."

ಕಾವಲಿನವನಿಗೆ ತಡೆಯಲು ಶಕ್ತಿಯಿರಲಿಲ್ಲ. ಬಿಟ್ಟ.

ಈರಬೊಮ್ಮ ಬಾನಿಯನ್ನು ಸಭೆಯ ನಡುವೆ ಇಟ್ಟ. ಮೂರನೆಯ ಮನೆಗೆ ಬೇರೆ ಯಾರೂ ಬಂದಿರಲಿಲ್ಲ, ರಾಜ ಆಗಲೆಂದು ತಲೆಯಾಡಿಸಿದ. ತನ್ನ ಕೈಯಾರೆ ಮೂರು ಸಲ ಹಿಂಜಿದ, ಮೋಡದಂಥ ಹತ್ತಿಯನ್ನು ತಳಕ್ಕೆ ಹಾಸಿದ. ರಾಣಿಯ ಬಾಣಂತನಕ್ಕೂ ಅಂಥ ಹತ್ತಿ ಅವನು ಕೊಟ್ಟಿರಲಿಲ್ಲ. ಎರಡೂ ಅಂಗೈ ಜೋಡಿಸಿ, ಬಾಲ ಹಿಡಿಯದೆ, ಮರಳಿಲಿಗಳನ್ನು ಒಳಗೆ ಇಳಿಸಿದ. ಅವು ಹತ್ತಿಯೊಳಗೆ ನುಗ್ಗಿದವು.

ಒಳಗಿನಿಂದ ಒಂದು ಕೀರಲು ದನಿ ಬಂತು.

ಈರಬೊಮ್ಮ ಹತ್ತಿ ಸರಿಸಿ ನೋಡಿದ. ತಂಗಿಯ ಹಿಂಗಾಲಿಗೆ ಎಳೆ ಸುತ್ತಿಕೊಂಡು, ಎಳೆದಷ್ಟೂ ಬಿಗಿದು, ಪಾದ ಊದಿಕೊಂಡಿತ್ತು. ಸೊಂಟದ ಕತ್ತರಿ ತೆಗೆದು ಎಳೆ ಕತ್ತರಿಸಿದ. ಆಮೇಲೆ ಹತ್ತಿಯನ್ನೆಲ್ಲ ಹೊರಗೆ ತೆಗೆದಿಟ್ಟು ನೆಲದ ಮೇಲೆ ಕುಕ್ಕರಿಸಿಬಿಟ್ಟ.

"ನಿನ್ನ ಒಳ್ಳೆಯ ಹತ್ತಿ," ಎಂದ ಜಾಗರಾಕ್ಷ ಕಂಬಕ್ಕೊರಗಿ. "ನಾನು ಹೇಳಿದ್ದು ಮೂರು ಮನೆ. ಮನೆ ಇದೇ ಇರಲಿ. ಹಾಸಿಗೆ ಬೇಕಾದಷ್ಟು ಸಲ ಬದಲಿಸು, ಬೇಡ ಅನ್ನೋಲ್ಲ. ಹೊತ್ತು ಮಾತ್ರ ನಿನಗಾಗಿ ಕಾಯುವುದಿಲ್ಲ."

ಬದಲಿಸಲು ಈರಬೊಮ್ಮನ ಬಳಿ ಏನಿತ್ತು? ಹತ್ತಿ ಬಿಟ್ಟರೆ ಅವನಿಗೆ ಬೇರೆ ವಿದ್ಯೆಯಿರಲಿಲ್ಲ. ಅಪ್ಪ ಕಲಿಸಿದ್ದು ಅದೊಂದೇ. ಬಿಸಿಲು ಕಂಬದಿಂದ ಕಂಬಕ್ಕೆ ಸರಿಯಿತು. ಅವನು ಅಲ್ಲಿಯೇ ಕೂತಿದ್ದ, ಮಗಳ ತೆರೆದ ಕಣ್ಣು ಎದುರಿಗೆ ಬರುತ್ತಿತ್ತು. 'ಸ್ವಾಮಿ, ನನಗೆ ಬೇಡಿಕೊಳ್ಳೋಕೂ ಆಗ್ತಿಲ್ಲ. ನೀನೇ ತಿಳಿದುಕೋ' ಎಂದುಕೊಂಡ. ಇಷ್ಟೇ ಪ್ರಾರ್ಥನೆ. ಇಷ್ಟೂ ಸಾಕು ಆ ಸ್ವಾಮಿಗೆ.

ನೀಲವ್ವ ಬಂದದ್ದು ಆಗ. ಸೊಂಟದ ಮೇಲೆ ಹೊನ್ನಿ, ಕೈಯಲ್ಲಿ ಬುತ್ತಿ.

"ಉಣ್ಣಿ," ಎಂದಳು.

"ಸೇರೋಲ್ಲ, ನೀಲಿ. ಹತ್ತಿ ಆಗಲಿಲ್ಲ. ಅದರ ಕಾಲು ಮುರಿದೇಹೋಗ್ತಿತ್ತು."

ಅವಳು ಬಾನಿಯೊಳಗೆ ಇಣುಕಿದಳು. ಮರಳಿಲಿಗಳು ಒಂದನ್ನೊಂದು ಒತ್ತಿಕೊಂಡು ಬರಿಯ ತಳವನ್ನು ಕೆರೆಯುತ್ತಿದ್ದವು, ಕೆರೆಯುತ್ತಲೇ ಇದ್ದವು.

"ಅಲ್ಲಾ ಕಣ್ರೀ, ಹಾಸಿಗೆ ಬೇಕು ಅಂತ ಯಾರೇ ಬರಲಿ, ನೀವು ಕತ್ತರಿ ಮುಟ್ಟೋಕೆ ಮುಂಚೆ ಕೂರಿಸಿಕೊಂಡು ಕೇಳ್ತೀರಿ. ಯಾವ ಮಗ್ಗುಲಿಗೆ ಮಲಗ್ತೀರಿ, ಬೆನ್ನು ನೋಯುತ್ತಾ, ಸೆಕೆಯವರಾ ಚಳಿಯವರಾ ಅಂತ. ಕೇಳಿ ಕೇಳಿ ಪ್ರಾಣ ತಿಂತೀರಿ. ಇವನ್ನ ಕೇಳಿದಿರಾ?"

ಈರಬೊಮ್ಮ ಅವಳ ಮುಖ ನೋಡಿದ. ಕೇಳಿರಲಿಲ್ಲ. ಅಷ್ಟು ಚಿಕ್ಕ ಗಿರಾಕಿಗಳನ್ನು ಏನು ಕೇಳುವುದೆಂದು ತಾನೇ ನಿಶ್ಚಯ ಮಾಡಿಬಿಟ್ಟಿದ್ದ.

ಅವನು ಬಾನಿಯ ಅಂಚಿಗೆ ಗಲ್ಲವಿಟ್ಟು ಮೆಲ್ಲಗೆ ಕೇಳಿದ. "ತಾಯಂದಿರಾ, ತಪ್ಪಾಯ್ತು. ನೀವು ಹೇಗೆ ಮಲಗ್ತೀರಿ?"

ಅಕ್ಕ ಮುಂಗಾಲುಗಳನ್ನು ಎದೆಗಿಟ್ಟು ಎದ್ದು ನಿಂತಳು. ಮಾತಾಡಿದಳು.

"ಈ ಊರಿಗೆ ಬಂದು ಇಪ್ಪತ್ತಮೂರು ದಿನ. ಇವತ್ತು ನೀನೊಬ್ಬ ಕೇಳಿದೆ. ನೋಡಪ್ಪಾ, ನೀವು ಹಾಸಿಗೆಯ ಮೇಲೆ ಮಲಗುವ ಜನ. ನಾವು ಹಾಸಿಗೆಯ ಒಳಗೆ ಮಲಗುವವರು. ಮೊದಲು ತೋಡಬೇಕು. ತೋಡಿ ತೋಡಿ ಕೈ ಸೋತ ಮೇಲೆ, ನಾವೇ ತೋಡಿದ ಕತ್ತಲೆಯಲ್ಲಿ ನಿದ್ದೆ."

"ಎಷ್ಟು ಆಳ ಬೇಕು, ತಾಯಿ?"

"ನಿನ್ನ ಮೊಣಕೈವರೆಗಾದರೂ. ಘಾಟು ಬೇಡ, ಎಳೆ ಬೇಡ. ಒಣಗಿದ್ದಿರಲಿ. ಸುರಂಗ ಮಾಡಿದರೆ ಕುಸಿಯಬಾರದು."

"ಹಲ್ಲಿಗೆ ಏನಾದರೂ ಕೊಡು," ಎಂದಳು ತಂಗಿ ಊದಿದ ಕಾಲು ನೆಕ್ಕುತ್ತ. "ಸುಮ್ಮನೆ ಕೂತರೆ ಹಲ್ಲು ಬೆಳೆದು ಬಾಯಿ ಮುಚ್ಚೋಲ್ಲ. ಮತ್ತೆ ಒಂದು ಬಟ್ಟಲು ಮರಳು, ಸ್ನಾನಕ್ಕೆ. ನೀರಿನಲ್ಲಿ ಅದ್ದಬೇಡ, ನಿನ್ನ ದಮ್ಮಯ್ಯ. ಅರಮನೆಯ ದಾಸಿ ಪನ್ನೀರಿನಲ್ಲಿ ಅದ್ದಿದಳು."

ಈರಬೊಮ್ಮ ಎದ್ದ. ಬಡಗಿಯ ಮನೆಗೆ ಹೋಗಿ ಗಂಧವಲ್ಲದ, ವಾಸನೆಯಿಲ್ಲದ ಮರದ ಹೊಟ್ಟು ತಂದ. ಬಡಗಿ ಮುಖ ಹುಳಿ ಮಾಡಿದರೂ ಎರಡು ಬುಟ್ಟಿ ಕೊಟ್ಟ. ಲಾಯಕ್ಕೆ ಹೋಗಿ ಕುದುರೆಗಳ ಒಣಹುಲ್ಲು ಕೇಳಿ ತಂದ. ಹೊಳೆಗೆ ಹೋಗಿ ಒಂದು ಬಟ್ಟಲು ಮರಳು ಜರಡಿಯಾಡಿ ತಂದ. ಮೂರು ಸಲ ಹೋದ, ಮೂರು ಸಲ ಬಂದ, ಕಾಲು ತನ್ನದಲ್ಲ ಎನ್ನುವಷ್ಟು ಸೋತ. ನೀಲವ್ವ ಮಗುವನ್ನು ಮಡಿಲಿಗೆ ಹಾಕಿಕೊಂಡು ಹುಲ್ಲನ್ನು ಗೇಣುದ್ದಕ್ಕೆ ಕತ್ತರಿಸಿ ಕೊಟ್ಟಳು. ಅವನು ಮರಳಿಲಿಗಳನ್ನು ಹೊರಗೆ ತೆಗೆದು, ಒಂದು ಪದರ ಹೊಟ್ಟು, ಒಂದು ಪದರ ಹುಲ್ಲು, ಮತ್ತೆ ಹೊಟ್ಟು ಎಂದು ಹಾಕಿ, ಹಾಸಿಗೆ ತುಂಬುವ ಕೈಯಿಂದ ಒತ್ತಿ ಒತ್ತಿ ಮೊಣಕೈಯುದ್ದ ತುಂಬಿದ. ಮೇಲೊಂದು ಕಡಿಯುವ ಕೊರಡು, ಬದಿಗೆ ಮರಳಿನ ಬಟ್ಟಲು. ಮರಳಿಲಿಗಳನ್ನು ಮತ್ತೆ ಒಳಗಿಳಿಸಿ, ಬಾಯಿಗೆ ಗಾಳಿಯಾಡುವ ಕಬ್ಬಿಣದ ಜಾಲರಿ ಮುಚ್ಚಿದ.

ಮರಳಿಲಿಗಳು ಮೊದಲು ಮರಳಿನಲ್ಲಿ ಹೊರಳಿದವು. ಆಮೇಲೆ ತೋಡಿದವು. ಹೊಟ್ಟು ಹಿಂದಕ್ಕೆ ಚಿಮ್ಮಿ, ಬಗ್ಗಿ ನೋಡುತ್ತಿದ್ದ ಮಂತ್ರಿಯ ಗಡ್ಡಕ್ಕೆ ಬಿತ್ತು. ಮೊದಲು ಅಕ್ಕ ಮಾಯವಾದಳು, ಆಮೇಲೆ ತಂಗಿ, ಕೊನೆಗೆ ಕಪ್ಪು ಕುಚ್ಚು.

ರಾಜ ಸಿಂಹಾಸನದಿಂದ ಇಳಿದು ಬಂದು ಇಣುಕಿದ. "ಇದೇನಯ್ಯಾ, ಕಾಣೋದೇ ಇಲ್ಲವಲ್ಲ. ಚಿನ್ನದ ಪಂಜರದಲ್ಲಿ ಎಷ್ಟು ಚಂದ ಕಾಣಿಸುತ್ತಿದ್ದವು. ಅಗೆದು ತೆಗೆಸು, ಮಲಗಿದವೋ ಇಲ್ಲವೋ ನೋಡಬೇಕು."

"ಹೌದು ಹೌದು, ತೆಗೆಸು," ಎಂದ ಜಾಗರಾಕ್ಷ. ಆ ಮಾತು ತುಸು ಅವಸರದಲ್ಲಿ ಬಂತು.

ಈರಬೊಮ್ಮ ಬಾನಿಯ ಮೇಲೆ ಎರಡೂ ಕೈ ಅಡ್ಡ ಹಿಡಿದ. "ಬೇಡ ಮಹಾಸ್ವಾಮಿ. ಮಲಗುವವರನ್ನ ನೋಡ್ತಾ ಕೂತರೆ ಅವರಿಗೆ ನಿದ್ದೆ ಬರೋದು ಹೇಗೆ? ಈ ಮನೆ ನಮ್ಮ ಕಣ್ಣಿಗಲ್ಲ. ತಪ್ಪಿದ್ದರೆ ನನ್ನ ತಲೆ ತೆಗೆಸಿ, ಬಾನಿಯನ್ನ ಮುಟ್ಟಬೇಡಿ."

ರಾಜ ಅವನನ್ನು ನೋಡಿದ. ಅವನ ಹಿಂದೆ ಕೂತ ನೀಲವ್ವನನ್ನು ನೋಡಿದ, ಅವಳ ಮಡಿಲ ಮಗುವನ್ನು ನೋಡಿದ. ಮೇಲಿರುವ ಆ ಸ್ವಾಮಿಯೇ ರಾಜನ ಮನಸ್ಸಿಗೆ ಬುದ್ಧಿ ಕೊಟ್ಟನೆಂದು ನನ್ನ ನಂಬಿಕೆ. ರಾಜ ತನ್ನ ಹೆಗಲ ಶಾಲು ತೆಗೆದು ಜಾಲರಿಯ ಅರ್ಧಕ್ಕೆ ಹೊದಿಸಿದ, ಒಳಗೆ ಕತ್ತಲಾಗಲೆಂದು, ಗಾಳಿಗೆ ಅರ್ಧ ಬಿಟ್ಟು. ಎಲ್ಲರೂ ಸುಮ್ಮನೆ ನೆಲದ ಮೇಲೆ ಕೂತರು.

ಬಿಸಿಲು ಕೊನೆಯ ಕಂಬದ ಬುಡಕ್ಕೆ ಬಂತು. ಬಾನಿಯೊಳಗೆ ಕೆರೆಯುವ ಸದ್ದು ನಿಧಾನವಾಯಿತು. ಆಮೇಲೆ ನಿಂತಿತು.

ಮೊದಲು ಆಕಳಿಸಿದವಳು ಹೊನ್ನಿ. ಸಣ್ಣ ಬಾಯಿ ದೊಡ್ಡದಾಗಿ ತೆರೆದು, ಮುಷ್ಟಿಯಿಂದ ಕಣ್ಣುಜ್ಜಿ, ತಾಯಿಯ ಸೆರಗಿನೊಳಕ್ಕೆ ಮುಖ ತೂರಿಸಿದಳು. ರೆಪ್ಪೆ ಇಳಿಯಿತು. ನೀಲವ್ವ ಅವಳ ಮೂಗಿನ ಬಳಿ ಬೆರಳಿಟ್ಟು ನೋಡಿದಳು. ಉಸಿರು ಬೆಚ್ಚಗೆ, ಸಮವಾಗಿ ಬರುತ್ತಿತ್ತು.

"ಮಲಗಿದಳು ಕಣ್ರೀ," ಎಂದಳು. ಅಷ್ಟರಲ್ಲಿ ಅವಳಿಗೂ ತೂಕಡಿಕೆ.

ನಿದ್ದೆ ಅರಮನೆಯಿಂದ ಬೀದಿಗೆ ಇಳಿಯಿತು. ಕಾವಲಿನವರು ಈಟಿಯೊಡನೆ ಜಾರಿದರು. ಕ್ಷೌರಿಕ ಮಲಗಿದ, ಅವನ ಮುಂದೆ ಅರ್ಧ ಬೋಳಿಸಿದ ಗಲ್ಲದ ಗಿರಾಕಿಯೂ ಮಲಗಿದ. ಅರ್ಚಕರು ಗಂಟೆಯ ಕೆಳಗೇ ಒರಗಿದರು. ಎತ್ತುಗಳು ಗಾಡಿಯನ್ನು ನಿಲ್ಲಿಸಿಕೊಂಡು ನಿಂತಲ್ಲೇ ಕಣ್ಣು ಮುಚ್ಚಿದವು.

ಕಂಬಕ್ಕೊರಗಿದ್ದ ಜಾಗರಾಕ್ಷ ಒಂದು ಮಂತ್ರ ಶುರುಮಾಡಿದ. ಅರ್ಧದಲ್ಲಿ ಆಕಳಿಸಿದ. ಮತ್ತೆ ಶುರುಮಾಡಿದ, ಮತ್ತೆ ಆಕಳಿಸಿದ. ಮೂರನೆಯ ಸಲ ಬಾಯಿ ತೆರೆದವನು ಹಾಗೆಯೇ ಕುಸಿದು ಮಲಗಿದ. ತನ್ನ ನಿದ್ದೆ ಮಾರಿಕೊಂಡಿದ್ದರೇನು, ಊರಿನ ನಿದ್ದೆ ಅವನನ್ನೂ ಸೇರಿಸಿಕೊಂಡಿತು. ನೂರು ವರ್ಷದ ದಣಿವು, ಪಾಪ, ಅದಕ್ಕೂ ಒಂದು ಹಾಸು ಬೇಕಲ್ಲ. ಈರಬೊಮ್ಮ ತೆವಳಿಕೊಂಡು ಹೋಗಿ, ಬಾನಿಯಿಂದ ತೆಗೆದಿಟ್ಟ ಹತ್ತಿಯನ್ನು ಅವನ ತಲೆಯ ಕೆಳಗೆ ಇಟ್ಟ. ಆಮೇಲೆ ಮಗಳ ಪಾದದ ಬಳಿ ತಾನೂ ಉರುಳಿದ.

ನೇಸರಗಿರಿ ಮೂರು ಹಗಲು ಮೂರು ರಾತ್ರಿ ಮಲಗಿತು. ಎದ್ದಾಗ ಜಾಗರಾಕ್ಷನಿಗೆ ಒಂದು ಮಂತ್ರವೂ ನೆನಪಿರಲಿಲ್ಲ, ನಿದ್ದೆಗೆ ಹಾಕಿದ ಕಟ್ಟೂ ಬಿಚ್ಚಿಹೋಗಿತ್ತು. ಅವನು ಬರಿಯ ಒಬ್ಬ ಮುದುಕನಾಗಿದ್ದ. ಕಣ್ಣುಜ್ಜಿಕೊಂಡು, "ಯಾರಾದರೂ ಒಂದಿಷ್ಟು ಗಂಜಿ ಕೊಡ್ತೀರಾ?" ಎಂದು ಕೇಳಿದ. ನೀಲವ್ವ ಕೊಟ್ಟಳು. ಹೊನ್ನಿಯೂ ಅದೇ ಗಂಜಿಯನ್ನು ಎರಡು ಬಟ್ಟಲು ಕುಡಿದಳು. ಮರಳಿಲಿಗಳಿಗೆ ರಾಜ ಮರಳುಗಾಡಿನ ದಾರಿ ತೋರಿಸಿದ. ಕಾಲು ವಾಸಿಯಾಗುವವರೆಗೆ ಇಲ್ಲಿಯೇ ಇರುತ್ತೇವೆಂದ ಅವು ವಾಸಿಯಾದ ಮೇಲೂ ಹೋಗಲಿಲ್ಲ. ಎಲ್ಲರೂ ಉಂಡು, ದುಡಿದು, ಮಲಗಿ ಸುಖವಾಗಿದ್ದರು.

ಕತೆ ಕೇಳಿದ ನಿಮಗೆಲ್ಲ ದಣಿವಿಗೆ ತಕ್ಕ ನಿದ್ದೆ ಬರಲಿ. ನಿಮ್ಮ ಮನೆಯ ತೊಟ್ಟಿಲು ಬೆಚ್ಚಗಿರಲಿ, ನಿಮ್ಮನ್ನು ನಂಬಿದ ಮೂಕ ಜೀವಗಳ ಗೂಡೂ ಬೆಚ್ಚಗಿರಲಿ. ಕಾಯುವ ಸ್ವಾಮಿ ನಿಮ್ಮ ರೆಪ್ಪೆಯ ಮೇಲೆ ಕೈಯಿಡಲಿ. ಶುಭವಾಗಲಿ.