ಹದಿನಾಲ್ಕನೆಯ ಹೆಸರು

“ಅಯ್ಯೋ, ಹೌದಾ? ನಿನ್ನೆ ಸಂಜೆನೇ ಹೇಳಿಬಿಟ್ರಾ? ಹಾಗಾದ್ರೆ ಹದಿನಾಲ್ಕು ಆಯ್ತು.”

ಅಮ್ಮ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ನೋಟ್‌ಬುಕ್ ತೆರೆದಳು. ಆಫೀಸಿನವರ ಉದ್ದನೆಯ ಪಟ್ಟಿಯಲ್ಲಿ ಒಂದು ಹೆಸರು ಹುಡುಕಿ, ಅದರ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದಳು.

ಶೂ ಹಾಕಿಕೊಳ್ಳುತ್ತಿದ್ದ ಜೀರಿಗೆ ಕತ್ತು ಚಾಚಿ ನೋಡಿದಳು. ಗಿಡ್ಡಗೆ, ತೆಳ್ಳಗೆ ಇದ್ದದ್ದರಿಂದ ಅವಳಿಗೆ ಎಲ್ಲರೂ ಇಟ್ಟ ಹೆಸರು ಅದು. ಅಮ್ಮ ಗೆರೆ ಎಳೆದದ್ದು ಫೋಟೋ ಅಂಕಲ್ ಹೆಸರಿನ ಮೇಲೆ! ಅಮ್ಮನ ಪತ್ರಿಕೆಗೆ ಫೋಟೋ ತೆಗೆಯುವವರು ಅವರು. ಅವರ ಮಗಳು ಕ್ಲಾಸಿನಲ್ಲಿ ಜೀರಿಗೆಯ ಪಕ್ಕದಲ್ಲೇ ಕೂರುತ್ತಾಳೆ. ಅವಳು ಎಲ್ಲರಿಗಿಂತ ಎತ್ತರ. “ಜೀರಿಗೆ, ಜಿರಾಫೆ, ಹರಟೆ ಸಾಕು!” ಅಂತ ಟೀಚರ್ ದಿನಕ್ಕೆ ಹತ್ತು ಸಲ ಗದರುತ್ತಾರೆ.

ಪತ್ರಿಕೆ ಪ್ರಿಂಟ್ ಆಗುವ ಮೊದಲು ಪುಟ ಓದಿ ತಪ್ಪು ಹುಡುಕುವುದು ಅಮ್ಮನ ಕೆಲಸ. ತಪ್ಪು ಸಿಕ್ಕಿದರೆ ಕೆಂಪು ಗೆರೆ. ಹಾಗಾದರೆ ಫೋಟೋ ಅಂಕಲ್ ಏನು ತಪ್ಪು ಮಾಡಿದರು?

“ಅಮ್ಮಾ...”

“ತಡಿ ಮರಿ, ಫೋನಲ್ಲಿದ್ದೀನಿ. ಅವರನ್ನ ಕೆಲಸದಿಂದ ತೆಗೆದಿದ್ದಾರಂತೆ, ಪಾಪ. ನೀನು ಹೊರಡು, ಲೇಟ್ ಆಯ್ತು.”

ಹೊಟ್ಟೆಯಲ್ಲಿ ಪ್ರಶ್ನೆ ಇಟ್ಟುಕೊಂಡು ಸುಮ್ಮನಿರುವ ಹುಡುಗಿಯಲ್ಲ ಜೀರಿಗೆ. ಕ್ಲಾಸಿಗೆ ಹೋಗಿ ಬೆಂಚಿನಲ್ಲಿ ಕೂತವಳೇ ಜಿರಾಫೆಯನ್ನು ಕೇಳಿಬಿಟ್ಟಳು.

“ಏ, ನಿಮ್ಮಪ್ಪನ್ನ ಯಾಕೆ ಕೆಲಸದಿಂದ ತೆಗೆದ್ರು? ಏನು ತಪ್ಪು ಮಾಡಿದ್ರು?”

ಜಿರಾಫೆ ಕಣ್ಣು ಪಿಳಿಪಿಳಿ ಬಿಟ್ಟಳು. “ಏನು ಹೇಳ್ತಿದ್ದೀಯ? ಅಪ್ಪ ಬೆಳಿಗ್ಗೆ ಕ್ಯಾಮೆರಾ ಬ್ಯಾಗ್ ಹಾಕ್ಕೊಂಡು ಆಫೀಸಿಗೆ ಹೋದ್ರು. ಟಾಟಾನೂ ಮಾಡಿದ್ರು!”

“ನಮ್ಮಮ್ಮನ ಬುಕ್ಕಲ್ಲಿ...”

“ಸುಳ್ಳಿ ನೀನು! ದೊಡ್ಡ ಸುಳ್ಳಿ!” ಜಿರಾಫೆ ಬ್ಯಾಗ್ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋಗಿಬಿಟ್ಟಳು. ಅವತ್ತು ಟೀಚರ್ ಒಂದು ಸಲವೂ ಗದರಬೇಕಾಗಲಿಲ್ಲ.

ಜೀರಿಗೆಗೆ ತಲೆಬುಡ ಅರ್ಥವಾಗಲಿಲ್ಲ. ಕೆಲಸ ಹೋದವರು ಕೆಲಸಕ್ಕೆ ಹೋಗುತ್ತಾರಾ?

ಅವತ್ತು ಅಮ್ಮನಿಗೆ ವಾರದ ರಜೆ. ಸ್ಕೂಲಿನಿಂದ ಬಂದಾಗಲೂ ಅವಳ ಮುಂದೆ ಅದೇ ನೋಟ್‌ಬುಕ್. ಫೋಟೋ ಅಂಕಲ್ ಏನು ತಪ್ಪು ಮಾಡಿದರು ಅಂತ ಜೀರಿಗೆ ಕೇಳಿದಳು.

“ಯಾರೂ ತಪ್ಪು ಮಾಡಿಲ್ಲ ಕಣೇ,” ಅಂದಳು ಅಮ್ಮ. “ಪೇಪರ್ ತಗೊಳ್ಳೋರು ಕಮ್ಮಿ ಆಗಿದ್ದಾರೆ, ಇಷ್ಟು ಜನ ಬೇಡ ಅಂತಾರೆ ಕಂಪನಿಯೋರು.”

“ಮತ್ತೆ ಮೊನ್ನೆ ಪ್ರಿಂಟ್ ಮಾಡೋ ದೊಡ್ಡ ಹೊಸ ಮಷೀನ್ ತಂದ್ರು ಅಂದೆಯಲ್ಲ?”

“ತಂದ್ರು. ಅದು ನನಗೂ ಅರ್ಥ ಆಗಿಲ್ಲ.”

“ನೀನ್ಯಾಕೆ ಬರೀತೀಯ ಇದನ್ನೆಲ್ಲ?”

“ಎಷ್ಟು ಜನರನ್ನ ತೆಗೆದ್ರಿ ಅಂದ್ರೆ ಆಫೀಸಲ್ಲಿ ಬಾಯೇ ಬಿಡಲ್ಲ. ಇವತ್ತು ಒಬ್ಬರು, ನಾಳೆ ಇಬ್ಬರು. ಊರಿನ ಸುದ್ದಿಯೆಲ್ಲ ಪ್ರಿಂಟ್ ಮಾಡ್ತೀವಿ, ಇದನ್ನ ಒಂದು ಕಡೆಯಾದ್ರೂ ಬರೆದಿಡಬೇಡ್ವಾ? ಇವರಿಗೆಲ್ಲ ಫೋನ್ ಮಾಡ್ತಿರ್ತೀನಿ. ಎಲ್ಲಾದ್ರೂ ಕೆಲಸ ಖಾಲಿ ಇದ್ರೆ ಹೇಳ್ತೀನಿ.”

“ತಪ್ಪೇ ಇಲ್ಲ ಅಂದ್ಮೇಲೆ ಕೆಂಪು ಗೆರೆ ಯಾಕೆ?”

ಅಮ್ಮ ಕೈಯಲ್ಲಿದ್ದ ಪೆನ್ನನ್ನು ನೋಡಿಕೊಂಡಳು. “ಅಭ್ಯಾಸಬಲ,” ಅಂದಳು ಮೆಲ್ಲಗೆ.

ಪಟ್ಟಿಯ ಕೆಳಗೆ ಅಮ್ಮನ ಹೆಸರೂ ಇತ್ತು. ಗೆರೆ ಇರಲಿಲ್ಲ.

“ನಿನ್ನನ್ನೂ ತೆಗೀತಾರಾ?”

“ಗೊತ್ತಿಲ್ಲ ಮರಿ.”

ಅಮ್ಮನ ಬಾಯಲ್ಲಿ ‘ಗೊತ್ತಿಲ್ಲ’ ಕೇಳಿ ಜೀರಿಗೆಗೆ ಏನೋ ಆಯಿತು. ಸ್ಕೂಲಿನಲ್ಲಿ ನಡೆದದ್ದನ್ನು ಬಡಬಡನೆ ಹೇಳಿ ಅತ್ತಳು.

ಅಮ್ಮ ಹಣೆಗೆ ಕೈ ಹಚ್ಚಿದಳು. “ಪಾಪ, ಅವರು ಮನೇಲಿ ಹೇಳಿರಲಿಲ್ಲವೇನೋ.” ಲೋಟ ಬೀಳಿಸಿದರೂ ಬೈಯುವ ಅಮ್ಮ ಇವತ್ತು ಬೈಯಲಿಲ್ಲ. ಜೀರಿಗೆಗೆ ಅದೂ ಅರ್ಥವಾಗಲಿಲ್ಲ.

ಮರುದಿನ ಜಿರಾಫೆ ಸ್ಕೂಲಿಗೆ ಬರಲಿಲ್ಲ. ಅದರ ಮರುದಿನ ಬಂದಳು. ಹಿಂದಿನ ಬೆಂಚಿನ ಹತ್ತಿರ ಒಂದು ಗಳಿಗೆ ನಿಂತು, ಆಮೇಲೆ ಜೀರಿಗೆಯ ಪಕ್ಕದಲ್ಲೇ ಬಂದು ಕೂತಳು.

“ಸಾರಿ ಕಣೇ,” ಅಂದಳು ಜೀರಿಗೆ. “ನಿಮ್ಮಪ್ಪ ಏನೂ ತಪ್ಪು ಮಾಡಿಲ್ಲವಂತೆ.”

“ಗೊತ್ತು. ಅವತ್ತು ಇಡೀ ದಿನ ಬಸ್ ಸ್ಟ್ಯಾಂಡಲ್ಲಿ ಕೂತಿದ್ರಂತೆ. ಬಸ್ಸುಗಳ ಫೋಟೋ ತೆಗೆದಿದ್ದಾರೆ, ಇಪ್ಪತ್ತೆಂಟು!” ಜಿರಾಫೆ ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. “ಸಂಜೆ ನಾನು ಕೇಳಿದ್ಮೇಲೆ ಎಲ್ಲ ಹೇಳಿದ್ರು. ನಿನ್ನೆ ನಾನೂ ಅವರ ಜೊತೆ ಮನೇಲೇ ಇದ್ದೆ.”



“ನಿಮ್ಮಮ್ಮನ ಕೆಲಸ ಇರುತ್ತಾ?” ಜಿರಾಫೆ ಕೇಳಿದಳು.

“ಗೊತ್ತಿಲ್ಲ,” ಅಂದಳು ಜೀರಿಗೆ.

ಜಿರಾಫೆಯ ನಾಲಿಗೆಯ ತುದಿಗೆ ಇನ್ನೊಂದು ಪ್ರಶ್ನೆ ಬಂದದ್ದು ಜೀರಿಗೆಗೆ ಚೆನ್ನಾಗಿ ಕಾಣಿಸಿತು. ಆದರೆ ಜಿರಾಫೆ ಅದನ್ನು ಕೇಳಲಿಲ್ಲ. ನುಂಗಿಕೊಂಡಳು.

“ನಿನ್ನೆಯ ಲೆಕ್ಕ ತೋರಿಸ್ತೀಯಾ?” ಅಂದಳು.

ಜೀರಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಗಣಿತದ ಪುಸ್ತಕ ತೆಗೆದು ಇಬ್ಬರ ನಡುವೆ ಬಿಡಿಸಿಟ್ಟಳು.