ಹೋಗ್ತೀನಿ ಅಂದೆಯಲ್ಲ

ಅಕ್ಕ ತನ್ನ ಮನೆ, ಬೆಕ್ಕು ಎರಡನ್ನೂ ನನಗೊಪ್ಪಿಸಿ, "ಹೊರಗೆ ಹೊರಟಾಗೆಲ್ಲ ಬೆಕ್ಕಿಗೆ ‘ಹೋಗಿ ಬರ್ತೀನಿ’ ಅನ್ನೋದು ಮರೀಬೇಡ ಕಣೇ" ಎಂದಿದ್ದಳು. ಅತಿಮುದ್ದು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಆ ದರಿದ್ರ ಬೆಕ್ಕು ನನ್ನ ಕೈ ಪರಚಿತು. "ಥೂ, ನಿನ್ನ ಸಹವಾಸವೇ ಬೇಡ, ಹೋಗ್ತೀನಿ!" ಎಂದು ಬೈದು, ಕಸದ ಬುಟ್ಟಿ ಹಿಡಿದು ಬರಿಗಾಲಲ್ಲಿ ಹೊರಬಂದೆ. ಬೆನ್ನ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಬೀಗದಕೈ ಒಳಗೇ ಇತ್ತು. ಸುಡುಬಿಸಿಲಲ್ಲೂ ಬಾಗಿಲ ಹಿಡಿ ತಣ್ಣಗಿತ್ತು.

ಬೀಗ ರಿಪೇರಿಯವನನ್ನು ಕರೆತಂದೆ. ಬೀಗ ತೆರೆಯಿತು, ಬಾಗಿಲು ಅಲುಗಲಿಲ್ಲ.

"ಒಳಗಿಂದ ಚಿಲಕ ಹಾಕಿದಾರಲ್ಲ ಮೇಡಂ, ಒಳಗಿರೋರನ್ನ ಕರೀರಿ."

"ಬೆಕ್ಕು ಬಿಟ್ಟರೆ ಯಾರೂ ಇಲ್ಲಪ್ಪ."

ಆಗ ಬಾಗಿಲಾಚೆಯಿಂದ ನನ್ನದೇ ದನಿ ಕೇಳಿಸಿತು: "ಹೋಗ್ತೀನಿ ಅಂದೆಯಲ್ಲ, ಹೋಗು."

ಅವನು ಸಲಕರಣೆಗಳನ್ನು ಚೀಲಕ್ಕೆ ತುರುಕಿಕೊಂಡ. ‘ಬರ್ತೀನಿ’ ಎನ್ನಲಿಲ್ಲ, "ಹೋಗ್ತೀನಿ" ಎಂದೇ ಹೇಳಿ ಮೆಟ್ಟಿಲಿಳಿದ.